ಬೋಗಿ ಬಿತ್ತಂತೆ

2021ರ ಆಗಸ್ಟ್ 7, ಶನಿವಾರ. ಪಾಂಡವಪುರದಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ಅವತ್ತು ಬೆಳಿಗ್ಗೆ ಯಾರೂ ಊಹಿಸದ ಒಂದು ಕೆಲಸ ನಡೆಯುತ್ತಿತ್ತು: ಜನ ಕೂತು ಗಾಲ್ಫ್ ನೋಡುತ್ತಿದ್ದರು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ಪದಕದ ಹತ್ತಿರ ಬಂದಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಗಾಲ್ಫ್ ಚೆಂಡನ್ನು ಕೈಯಲ್ಲಿ ಹಿಡಿದೂ ನೋಡದ ನಮ್ಮಣ್ಣನ ಮಗ ರಿಮೋಟು ಯಾರಿಗೂ ಬಿಡದೆ ಕೂತಿದ್ದ. ದೊಡ್ಡವ್ವ ಪಡಸಾಲೆಯ ಬಾಗಿಲ ಹತ್ತಿರ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಒಂದು ಹೊಡೆತ ಹೆಚ್ಚಾಯಿತು. ಹುಡುಗ ತೊಡೆ ತಟ್ಟಿಕೊಂಡು, "ಅಯ್ಯೋ, ಬೋಗಿ ಬಿತ್ತು!" ಅಂದ.

ಮೊರ ನೆಲಕ್ಕೆ ಬಿತ್ತು. "ಶಿವನೇ! ಎಲ್ಲಿಲಾ? ಮದ್ದೂರ್ ತಾವ್ಲಾ? ಚಿಕ್ಕೋನು ಈಗ್ತಾನೇ ರೈಲ್ಗೆ ಓದನಲ್ಲಲಾ!"

ಕೊರೊನಾದಲ್ಲಿ ನಿಂತಿದ್ದ ರೈಲುಗಳು ಒಂದೊಂದಾಗಿ ಮತ್ತೆ ಹೊರಡುತ್ತಿದ್ದ ದಿನಗಳು ಅವು. ಚಿಕ್ಕವನು ಮತ್ತೆ ಬೆಂಗಳೂರಿಗೆ ಕೆಲಸಕ್ಕೆ ಹೋಗಲು ಶುರುಮಾಡಿದ್ದ. ಅವನಿಗೆ ಏನೂ ಆಗಿಲ್ಲ, ಬಿದ್ದದ್ದು ಆಟದ ಬೋಗಿ, ಒಂದು ಹೊಡೆತ ಜಾಸ್ತಿ ಹೊಡೆದರೆ ಹಾಗನ್ನುತ್ತಾರೆ ಎಂದು ತಿಳಿಹೇಳುವಷ್ಟರಲ್ಲಿ ಅಲ್ಲಿ ಇನ್ನೊಂದು ಗುಳಿ ಮುಗಿದಿತ್ತು. ದೊಡ್ಡವ್ವ ಚೆಲ್ಲಿದ ರಾಗಿ ಗೋರಿಕೊಳ್ಳುತ್ತಾ ಕೇಳಿದಳು: "ಅಲ್ಲ ಕಣ್ಲಾ, ಆಟದೋರ್ಗೆ ಬೇರೆ ಮಾತೇ ಸಿಗ್ನಿಲ್ವಾ?"

ಅದಿತಿಗೆ ಅವತ್ತು ಸಿಕ್ಕಿದ್ದು ನಾಲ್ಕನೇ ಸ್ಥಾನ. ಕೊನೆಯ ಸುತ್ತಿನಲ್ಲಿ ಒಂದೊಂದು ಹೊಡೆತ ಉಳಿಸಿದ ಬರ್ಡಿ ಐದು, ಬೋಗಿ ಎರಡು. ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ, ಅಂದರೆ ಸರಿಯಾಗಿ ಒಂದು ಬೋಗಿಯಷ್ಟು ಅಂತರದಲ್ಲಿ. ಆ ನೋವು ನಾಲ್ಕು ದಿನಕ್ಕೆ ಮರೆತುಹೋಯಿತು. ದೊಡ್ಡವ್ವನ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಸೀಮೆಯಲ್ಲಿ ಬೋಗಿ ಎಂದರೆ ರೈಲಿನದೇ. ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಪೂರ್ತಿಯಾದದ್ದು 1882ರಲ್ಲಿ. ಅದು ಪಟ್ಟಣದ ಕೋಟೆಯನ್ನು ಸೀಳಿಕೊಂಡೇ ಹೋಯಿತು. ಶ್ರೀರಂಗಪಟ್ಟಣಕ್ಕೆ ನಮ್ಮ ಕಡೆಯವರು ಬರೀ 'ಪಟ್ಣ' ಎನ್ನುತ್ತಾರೆ, ಬೇರೆ ಯಾವ ಪಟ್ಟಣವೂ ಲೆಕ್ಕಕ್ಕಿಲ್ಲ ಎಂಬಂತೆ. ಪಾಂಡವಪುರಕ್ಕೆ ಆಗ ಆ ಹೆಸರಿರಲಿಲ್ಲ. ಊರಿನವರ ಬಾಯಲ್ಲಿ ಅದು ಹಿರೋಡೆ, ಸರಿಯಾಗಿ ಹೇಳಬೇಕೆಂದರೆ ಇರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬಿಡಾರ ಹೂಡಿದ್ದ ಜಾಗವಾದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ರೈಲು ನಿಲ್ದಾಣಕ್ಕೂ ಬಹಳ ಕಾಲ ಅದೇ ಬೋರ್ಡು. ಕೃಷ್ಣರಾಜಪೇಟೆ ಅತ್ತಿಗುಪ್ಪೆಯಾಗಿತ್ತು. ಅದರ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳಿಗೆ ಮೈಸೂರು–ಅರಸೀಕೆರೆ ದಾರಿಯಿಂದ ಬೋಗಿ ಬಂತು. ನಾಗಮಂಗಲದ ಕಡೆಯವರು ಮಾತ್ರ ತೀರಾ ಈಚಿನವರೆಗೂ ಬಸ್ಸನ್ನೇ ನಂಬಿದ್ದರು. ಬೆಂಗಳೂರು–ಹಾಸನ ದಾರಿ ತೆರೆದು ಬೆಳ್ಳೂರು ಕ್ರಾಸಿನ ಬಿ.ಜಿ. ನಗರದಲ್ಲಿ ರೈಲು ನಿಂತದ್ದು 2017ರಲ್ಲಿ.

ಅದೇ 2017ರಲ್ಲಿ ಪಟ್ಟಣದಲ್ಲಿ ಇನ್ನೊಂದು ಸೋಜಿಗ ನಡೆಯಿತು. ಜೋಡಿ ಹಳಿ ಹಾಕಲು ಟಿಪ್ಪುವಿನ ಮದ್ದಿನಮನೆ ಅಡ್ಡವಾಗಿತ್ತು. ಒಡೆಯುವಂತಿಲ್ಲ, ಬಿಡುವಂತಿಲ್ಲ. ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಬುಡಸಮೇತ ಎತ್ತಿ, ಜಾರಿಸಿಕೊಂಡು ಹೋಗಿ, ನೂರು ಚಿಲ್ಲರೆ ಮೀಟರ್ ಆಚೆ ಇಟ್ಟರು. ಬೋಗಿಗೆ ದಾರಿ ಬಿಡಲು ಮದ್ದಿನಮನೆಯೇ ಪಯಣ ಹೊರಟಿತ್ತು.

ಈ ಬೋಗಿ ಎಂಬ ಮಾತಿನೊಳಗೆ ಒಂದು ತಮಾಷೆಯಿದೆ. ರೈಲ್ವೆ ವರ್ಕ್‌ಶಾಪಿನ ಫಿಟ್ಟರನ್ನು ಕೇಳಿದರೆ ಬೋಗಿ ಎಂದರೆ ನಾವು ಕೂರುವ ಡಬ್ಬಿಯಲ್ಲ. ಡಬ್ಬಿಯ ಕೆಳಗೆ, ಆ ತುದಿಗೊಂದು ಈ ತುದಿಗೊಂದು, ಕಬ್ಬಿಣದ ಚೌಕಟ್ಟುಗಳಿರುತ್ತವೆ. ಒಂದೊಂದರಲ್ಲೂ ಎರಡು ಅಚ್ಚು, ನಾಲ್ಕು ಗಾಲಿ, ಮೇಲೆ ಸ್ಪ್ರಿಂಗು. ಚೌಕಟ್ಟು ನಡುವಿನ ಗೂಟದ ಮೇಲೆ ಅತ್ತಿತ್ತ ತಿರುಗುವಂತೆ ಕೂಡಿಸಿರುತ್ತಾರೆ. ನಿಜವಾದ ಬೋಗಿ ಅದು. ಅಚ್ಚು ಅಲುಗದಂತೆ ಕಚ್ಚಿಸಿದ ಉದ್ದನೆಯ ಗಾಡಿ ಹೇಗೆ ತಿಣುಕುತ್ತದೆ ಎಂಬುದು ತೇರು ಎಳೆದವರಿಗೆ ಗೊತ್ತು. ರಥಬೀದಿಯ ಮೂಲೆಯಲ್ಲಿ ಗಾಲಿಗೆ ಮರದ ತುಂಡು ಕೊಟ್ಟು, ಕೂಗಿ, ಎಳೆದು, ಬೆವರಿ, ಗೇಣು ಗೇಣಾಗಿ ತೇರನ್ನು ತಿರುಗಿಸಬೇಕು. ರೈಲು ಆ ಕಷ್ಟವಿಲ್ಲದೆ ತಿರುವಿನಲ್ಲಿ ಬಳುಕಿಕೊಂಡು ಹೋಗುವುದು ಈ ತಿರುಗುವ ಚೌಕಟ್ಟಿನ ದೆಸೆಯಿಂದ.

ಹಳೆಯ ಕಾಲದ ಡಬ್ಬಿಗಳು ಹೆಚ್ಚಾಗಿ ನಾಲ್ಕೇ ಗಾಲಿಯವು. ಆಮೇಲೆ ಎಂಟು ಗಾಲಿಯ ಉದ್ದ ಡಬ್ಬಿ ಬಂದಾಗ ಅದನ್ನು 'ಬೋಗಿ ಇರುವ ಕ್ಯಾರೇಜು' ಎಂದು ಬೇರೆಮಾಡಿ ಕರೆದರು. ಹಿಂದೂಸ್ಥಾನದಲ್ಲಿ ಆ ಉದ್ದನೆಯ ಹೆಸರಿನ ಬಾಲ ಉದುರಿ ತಲೆ ಉಳಿಯಿತು. ಕೆಳಗಿದ್ದ ಚೌಕಟ್ಟಿನ ಹೆಸರು ಮೇಲಿನ ಡಬ್ಬಿಗೆ ಹತ್ತಿತು. ಇಂಗ್ಲೆಂಡಿನಲ್ಲಿ ಹೋಗಿ "ನಾನು ಮೂರನೇ ಬೋಗಿಯಲ್ಲಿ ಕೂತಿದ್ದೆ" ಎಂದರೆ ಗಾಲಿಗಳ ನಡುವೆ ಹೇಗೆ ಕೂತಿರಪ್ಪಾ ಎಂದು ಕಣ್ಣರಳಿಸುತ್ತಾರೆ. ಲೆಕ್ಕ ಹಾಕಿದರೆ ನಮ್ಮ ಹದಿನಾರು ಬೋಗಿಯ ರೈಲಿನ ಕೆಳಗೆ ಮೂವತ್ತೆರಡು ಬೋಗಿಗಳಿವೆ.

ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಮಂಡ್ಯದ ಕಡೆ 'ಹಿಟ್ಟು ಉಂಡ್ಯಾ?' ಎಂದು ಕೇಳುತ್ತಾರೆ. ಯಾರೂ ಹಿಟ್ಟನ್ನು ಹಾಗೇ ಮುಕ್ಕುವುದಿಲ್ಲ, ಕೇಳಿದ್ದು ಮುದ್ದೆಯ ವಿಚಾರ. ಒಳಗಿರುವುದರ ಹೆಸರನ್ನು ಇಡೀ ವಸ್ತುವಿಗೆ ಇಟ್ಟು ರೂಢಿಯಿರುವ ಜನಕ್ಕೆ ಬೋಗಿಯನ್ನು ಡಬ್ಬಿಯಾಗಿಸುವುದು ಎಷ್ಟರ ಕೆಲಸ?

ಇನ್ನು ಆ ಚೌಕಟ್ಟಿಗೆ ಬೋಗಿ ಎಂದು ಹೆಸರು ಬಂದದ್ದು ಉತ್ತರ ಇಂಗ್ಲೆಂಡಿನ ಆಡುಮಾತಿನಿಂದ. ನ್ಯೂಕ್ಯಾಸಲ್ ಸುತ್ತಿನ ಗಣಿ ಸೀಮೆಯಲ್ಲಿ ತಗ್ಗಾದ, ಗಟ್ಟಿಮುಟ್ಟಾದ, ಗಿಡ್ಡ ಗಾಲಿಯ ಒಂದು ಗಾಡಿಗೆ ಹಾಗೆನ್ನುತ್ತಿದ್ದರು. ಅದರ ಹಿಂದಕ್ಕೆ ಹೋದರೆ ನಿಘಂಟುಗಳು ಕೈಚೆಲ್ಲುತ್ತವೆ. ಹುಟ್ಟು ತಿಳಿಯದ ಪದಗಳ ಸಾಲಿಗೆ ಅದನ್ನು ಸೇರಿಸಿ ಸುಮ್ಮನಾಗುತ್ತವೆ. ಪದಗಳ ಲೋಕದಲ್ಲಿ ತಂದೆತಾಯಿ ಗೊತ್ತಿಲ್ಲದವರೇ ಹೆಚ್ಚು ದುಡಿಯುವುದು.

ಅರ್ಥ ಹುಡುಕುವವನಿಗೆ ಇಲ್ಲೊಂದು ಜಾರುಬಂಡೆ ಇದೆ. ನಮ್ಮ ಕಡೆ ಮಹಾಪ್ರಾಣವನ್ನು ನಾಲಗೆ ಒಪ್ಪುವುದಿಲ್ಲ. ಭೋಗವೂ ಬೋಗವೇ, ಭೋಗ್ಯವೂ ಬೋಗ್ಯವೇ. 'ಗದ್ದೆ ಬೋಗ್ಯಕ್ಕಾಕವ್ನೆ' ಎಂದರೆ ಸಾಲ ತೀರುವವರೆಗೆ ಗದ್ದೆಯ ಫಲ ಸಾಲ ಕೊಟ್ಟವನದು. ಮೈಸೂರಿನ ಮಗ್ಗುಲಲ್ಲೊಂದು ಬೋಗಾದಿ, ನಾಗಮಂಗಲ ತಾಲ್ಲೂಕಿನಲ್ಲೊಂದು ಬೋಗಾದಿ. ಇವೆಲ್ಲ ಕಿವಿಗೆ ಬೀಳುತ್ತಿರುವಾಗ ರೈಲಿನ ಬೋಗಿಯೂ ನಮ್ಮದೇ 'ಭೋಗಿ' ಎಂದು ಸಾಧಿಸಲು ಹೊರಟವರನ್ನು ನಾನು ಕಂಡಿದ್ದೇನೆ. ಸುಖವಾಗಿ ಮಲಗಿಕೊಂಡು ಹೋಗುವವನೇ ಭೋಗಿ, ಅವನು ಮಲಗಿದ್ದೇ ಬೋಗಿ ಎಂದು ಒಬ್ಬರು ಮದುವೆ ಮನೆಯಲ್ಲಿ ವಾದಿಸಿದರು. ಜನರಲ್ ಬೋಗಿಯಲ್ಲಿ ಒಂಟಿಕಾಲಿನಲ್ಲಿ ನಿಂತು ಬೆಂಗಳೂರಿಗೆ ಹೋದವರು ಯಾರೂ ಈ ವಾದ ಹೂಡಲಾರರು.

ಆದರೆ ಭೋಗಿಯನ್ನು ಅಷ್ಟಕ್ಕೇ ಬಿಟ್ಟುಬಿಡಲು ಪಟ್ಟಣ ಬಿಡುವುದಿಲ್ಲ. ಸಂಸ್ಕೃತದಲ್ಲಿ ಭೋಗಿ ಎಂದರೆ ಹಾವು ಕೂಡ. ಅಲ್ಲಿ ಭುಜ್ ಎಂಬ ಧಾತು ಒಂದಲ್ಲ, ಎರಡು. ಉಣ್ಣು, ಅನುಭವಿಸು ಎನ್ನುವ ಭುಜ್‌ನಿಂದ ಭೋಜನ, ಭೋಗ್ಯ, ಸುಖಪಡುವ ಭೋಗಿ. ಬಾಗು, ಡೊಂಕಾಗು ಎನ್ನುವ ಇನ್ನೊಂದು ಭುಜ್‌ನಿಂದ ಭುಜಂಗ, ಹಾವಿನ ಸುರುಳಿಯಾದ ಭೋಗ, ಸುರುಳಿಯುಳ್ಳ ಭೋಗಿ. ಬರಹದಲ್ಲಿ ಒಂದೇ, ಬೇರು ಬೇರೆ. ಆದಿಶೇಷನ ಮೇಲೆ ಪವಡಿಸಿದ ರಂಗನಾಥ ಹೀಗೆ ಭೋಗಿಶಯನ. ಕಾವೇರಿಯ ಮೂರು ರಂಗಗಳಲ್ಲಿ ಮೊದಲನೆಯವನು, ಆದಿರಂಗ. ಕೋಟೆಯೊಳಗಿನ ರೈಲು ನಿಲ್ದಾಣದಿಂದ ಅವನ ಗುಡಿಗೆ ನಡೆದೇ ಹೋಗಬಹುದು. ಅಲ್ಲಿ ಭೋಗಿಯ ಮೇಲೆ ಮಲಗಿದವನು ಒಬ್ಬ, ಇಲ್ಲಿ ಬೋಗಿಯೊಳಗೆ ಮಲಗಿದವರು ನೂರಾರು. ನದಿಯ ಎರಡು ಕವಲುಗಳ ಮೇಲೆ ಸುರುಳಿ ಬಿಚ್ಚಿಕೊಂಡು ಹೋಗುವ ರೈಲನ್ನು ದೂರದಿಂದ ನೋಡಿದರೆ ಆ ಹಳೆಯ ಭೋಗಿಯ ನೆನಪೂ ಬರುತ್ತದೆ. ಬರಲಿ. ಆದರೆ ಸಂಬಂಧವಿಲ್ಲ. ನೆನಪಿಗೆ ಬಂದದ್ದನ್ನೆಲ್ಲ ನಂಟಸ್ತಿಕೆ ಎಂದುಕೊಂಡರೆ ಪದಜಿಜ್ಞಾಸೆ ಪುರಾಣವಾಗುತ್ತದೆ.

ಈ ಎಚ್ಚರ ಕಲಿಸಿದವರು ಇದೇ ಮಣ್ಣಿನವರು. ಪ್ರೊ. ಜಿ. ವೆಂಕಟಸುಬ್ಬಯ್ಯನವರ 'ಜಿ' ಎಂದರೆ ಗಂಜಾಂ, ಪಟ್ಟಣದ ದ್ವೀಪದ ಗಂಜಾಂ. 1913ರಲ್ಲಿ ಹುಟ್ಟಿ 2021ರ ಏಪ್ರಿಲ್‌ವರೆಗೆ, ನೂರೇಳು ವರ್ಷ, ಪದಗಳ ಜೊತೆ ಬಾಳಿದರು. 'ಇಗೋ ಕನ್ನಡ' ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ಉತ್ತರ ಹೇಳಿದರು, ಬೇರೆ ನುಡಿಗಳಿಂದ ಬಂದು ಕನ್ನಡದಲ್ಲಿ ನೆಲೆ ನಿಂತ ಮಾತುಗಳಿಗಾಗಿಯೇ ಎರವಲು ಪದಕೋಶ ಮಾಡಿದರು. ದೊಡ್ಡವ್ವನ ಪ್ರಶ್ನೆ ನಾಲ್ಕು ತಿಂಗಳು ತಡವಾಗಿ ಹುಟ್ಟಿತು. ಇಲ್ಲದಿದ್ದರೆ ಒಂದು ಕಾರ್ಡು ಹಾಕಬಹುದಿತ್ತು.

ಈಗ ಗಾಲ್ಫಿನ ಬೋಗಿಗೆ ಬರೋಣ. ಅದರ ಮನೆತನ ಬೇರೆ, ಅದು ದೆವ್ವದ ಮನೆತನ.

ಸ್ಕಾಟ್ಲೆಂಡಿನಲ್ಲಿ, ಉತ್ತರ ಇಂಗ್ಲೆಂಡಿನಲ್ಲಿ 'ಬೋಗಲ್' ಎಂದರೆ ಹೆದರಿಸುವ ಭೂತ. 1500ರ ಸುಮಾರಿಗೇ ಆ ಮಾತು ಬರಹದಲ್ಲಿ ಸಿಗುತ್ತದೆ. ಅದರ ಸುತ್ತ ಬಗ್, ಬಗ್‌ಬೇರ್, ಬಗಬೂ, ಬಾಗರ್ಟ್ ಎಂದು ಒಂದು ದೊಡ್ಡ ಸಂಸಾರವೇ ಇದೆ. ಎಲ್ಲಕ್ಕೂ ಕೆಲಸ ಒಂದೇ: ಮಕ್ಕಳನ್ನು ಹೆದರಿಸಿ ಮಲಗಿಸುವುದು. ಹತ್ತೊಂಬತ್ತನೇ ಶತಮಾನದಲ್ಲಿ 'ಬೋಗಿ' ಎಂಬುದು ಸೈತಾನನಿಗೆ ಅಡ್ಡಹೆಸರಾಯಿತು, ಅಲ್ಲಿಂದ 'ಬೋಗಿಮ್ಯಾನ್' ಆಯಿತು.

ಕನ್ನಡದಲ್ಲಿ ಇವನು ನಮಗೆ ಚೆನ್ನಾಗಿ ಗೊತ್ತು. ಇವನು ಗುಮ್ಮ. ಕೆಲವು ಮನೆಗಳಲ್ಲಿ ಬೂಚಿ, ಕೆಲವು ಕಡೆ ಗೊಗ್ಗಯ್ಯ. ಗುಮ್ಮನಿಗೆ ಮುಖವಿಲ್ಲ, ಊರಿಲ್ಲ, ಅವನು ಇಂಥವನೆಂದು ಯಾವ ತಾಯಿಯೂ ಬಿಡಿಸಿ ಹೇಳಿದ್ದಿಲ್ಲ. ಹೇಳಿದರೆ ಹೆದರಿಕೆ ಹೋಗುತ್ತದೆ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಮೂರು ಲೋಕ ಆಳುವ ಬಾಲಕೃಷ್ಣನೇ ಗುಮ್ಮನ ಹೆಸರು ಕೇಳಿ ಯಶೋದೆಯ ಸೆರಗು ಹಿಡಿಯುತ್ತಾನೆ. ಇಂಗ್ಲಿಷ್ ದಾದಿಯರು ಒಂದು ಕಾಲದಲ್ಲಿ ಗುಮ್ಮನ ಕೆಲಸಕ್ಕೆ ನೆಪೋಲಿಯನ್ನನನ್ನೇ ನೇಮಿಸಿದ್ದರು. 'ಬೋನಿ ಬರ್ತಾನೆ, ಮಲಕ್ಕೋ' ಎನ್ನುತ್ತಿದ್ದರಂತೆ. ಅದೇ ಬೋನಿ 1799ರ ಜನವರಿಯಲ್ಲಿ ಕೈರೋದಿಂದ ಪಟ್ಟಣದ ಟಿಪ್ಪುವಿಗೆ ಕಾಗದ ಬರೆದ. ಅದು ದಾರಿಯಲ್ಲೇ ಇಂಗ್ಲಿಷರ ಕೈಸೇರಿತು, ಮೇ 4ಕ್ಕೆ ಕೋಟೆ ಬಿತ್ತು. ಒಬ್ಬರ ಗುಮ್ಮ ಇನ್ನೊಬ್ಬರಿಗೆ ಆಸೆಯಾಗಿದ್ದ.

ಕೋಟೆಗೆ ಲಗ್ಗೆ ಹತ್ತಿಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಅದಕ್ಕೂ ಮೊದಲು 1780ರಿಂದ 84ರವರೆಗೆ ಇದೇ ಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಅವನ ಜೊತೆ ಕೊಳೆತ ಸಿಪಾಯಿಗಳ ಬಾಯಲ್ಲಿ ಬೋಗಲ್ ಎಂಬ ಮಾತು ಇದ್ದಿರಬೇಕು ಎಂದು ಊಹಿಸಲು ನನಗೆ ಇಷ್ಟ. ನಾಲ್ಕು ವರ್ಷ ಕತ್ತಲಲ್ಲಿ ಕೂತವರು ದೆವ್ವದ ಸುದ್ದಿ ಆಡದೆ ಇರುತ್ತಾರೆಯೇ? ಅಷ್ಟೇ, ಇದು ಊಹೆ, ಮುಂದಕ್ಕೆ ಎಳೆಯುವುದಿಲ್ಲ.

ದೆವ್ವ ಗಾಲ್ಫ್ ಮೈದಾನಕ್ಕೆ ಕಾಲಿಟ್ಟ ಕತೆಯನ್ನು ಗಾಲ್ಫಿನವರು ಹೀಗೆ ಹೇಳಿಕೊಂಡು ಬಂದಿದ್ದಾರೆ. 1890ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಹ್ಯೂ ರಾದರಮ್ ಎಂಬಾತ ಒಂದು ಉಪಾಯ ಮಾಡಿದ. ಒಳ್ಳೆಯ ಆಟಗಾರನೊಬ್ಬ ಪ್ರತಿಯೊಂದು ಗುಳಿಗೂ ಎಷ್ಟು ಹೊಡೆತದಲ್ಲಿ ಚೆಂಡು ಸೇರಿಸಬೇಕು ಎಂದು ಮೊದಲೇ ಗೊತ್ತುಮಾಡಿಬಿಡುವುದು. ಎದುರಾಳಿ ಸಿಗದಿದ್ದರೆ ಆ ಲೆಕ್ಕದ ವಿರುದ್ಧವೇ ಆಡಬಹುದು. ಇದು ಗ್ರೇಟ್ ಯಾರ್ಮತ್ ಎಂಬ ಕಡಲತಡಿಯ ಕ್ಲಬ್ಬಿಗೆ ಹೋಯಿತು. ಅಲ್ಲಿನ ಕಾರ್ಯದರ್ಶಿ ನೌಕಾಪಡೆಯ ಡಾಕ್ಟರ್ ಬ್ರೌನ್. ಆಗ ಇಂಗ್ಲೆಂಡಿನ ಮ್ಯೂಸಿಕ್ ಹಾಲುಗಳಲ್ಲೆಲ್ಲ ಬೋಗಿಮ್ಯಾನ್ ಬಂದ, ಅಡಗಿಕೊಳ್ಳಿ ಎನ್ನುವ ಹಾಡೊಂದು ಮೊಳಗುತ್ತಿತ್ತು. ಕಣ್ಣಿಗೆ ಕಾಣದ, ಎಂದೂ ತಪ್ಪು ಮಾಡದ ಈ ಎದುರಾಳಿಯ ಕೈಯಲ್ಲಿ ಸೋತು ಸುಣ್ಣವಾದ ಮೇಜರ್ ವೆಲ್ಮನ್ ಎಂಬಾತ, ನಿಮ್ಮ ಈ ಆಟಗಾರ ಥೇಟ್ ಬೋಗಿಮ್ಯಾನೇ ಸರಿ ಎಂದು ಗೊಣಗಿದ. ಹೆಸರು ಅಂಟಿತು.

ಎರಡು ವರ್ಷ ಕಳೆದು, 1892ರಲ್ಲಿ, ಬ್ರೌನ್ ಗಾಸ್ಪೋರ್ಟಿನ ಸೈನ್ಯಾಧಿಕಾರಿಗಳ ಕ್ಲಬ್ಬಿಗೆ ಹೋದಾಗ ಈ ಕಾಣದ ಗೆಳೆಯನನ್ನು ಪರಿಚಯಿಸಿದ. ಅಲ್ಲಿ ಪೇಚಿಗಿಟ್ಟುಕೊಂಡಿತು. ಆ ಕ್ಲಬ್ಬಿನಲ್ಲಿ ಸೈನ್ಯದ ಹುದ್ದೆಯಿಲ್ಲದವರಿಗೆ ಜಾಗವಿಲ್ಲ. ದೆವ್ವವೇ ಆದರೂ ದರ್ಜೆ ಬೇಡವೇ? ಇಷ್ಟು ಕರಾರುವಾಕ್ಕಾಗಿ ಆಡುವವನು ಕರ್ನಲ್ಲೇ ಆಗಿರಬೇಕು ಎಂದು ಕ್ಯಾಪ್ಟನ್ ಸೀಲಿ ವಿಡಾಲ್ ತೀರ್ಪು ಕೊಟ್ಟ. ಅವತ್ತಿನಿಂದ ಗುಮ್ಮ ಕರ್ನಲ್ ಬೋಗಿಯಾದ.

ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಅಂದರೆ ಬೋಗಿಗಿಂತ ಬೆಂಗಳೂರಿನ ಗಾಲ್ಫೇ ಹದಿನಾಲ್ಕು ವರ್ಷ ಹಿರಿದು. ಪಟ್ಟಣಕ್ಕೆ ರೈಲು ಬಂದಾಗಲೂ ಗಾಲ್ಫಿನ ಬೋಗಿ ಇನ್ನೂ ಹುಟ್ಟಿರಲಿಲ್ಲ. ಆಟದವರಿಗೆ ಬೇರೆ ಮಾತು ಸಿಗಲಿಲ್ಲವೇ ಎಂದು ದೊಡ್ಡವ್ವ ಕೇಳಿದ್ದರಲ್ಲಿ ನ್ಯಾಯವಿದೆ. ಹಿರಿತನದ ಲೆಕ್ಕದಲ್ಲಿ ರೈಲಿನವರೇ ಮೊದಲು.

ಕರ್ನಲ್ ದೆವ್ವ ಎಂದ ಕೂಡಲೇ ಪಟ್ಟಣದವರಿಗೆ ನೆನಪಾಗುವವನು ಬೇರೊಬ್ಬ. ಕಾವೇರಿ ದಡದ ಸ್ಕಾಟ್ಸ್ ಬಂಗಲೆಯ ಕರ್ನಲ್ ಸ್ಕಾಟ್. ತೋಪಿನ ಗಾಡಿಗಳ ಕಾರ್ಖಾನೆಯ ಉಸ್ತುವಾರಿ ಅವನದಾಗಿತ್ತು. ಜನ ಹೇಳುವ ಕತೆ ಇಷ್ಟು: ಮೈಸೂರಿಗೆ ಹೋಗಿದ್ದವನು ಮನೆಗೆ ಬಂದು ನೋಡಿದರೆ ಹೆಂಡತಿ ಮಕ್ಕಳು ಕಾಲರಾದಲ್ಲಿ ಸತ್ತು ಮಲಗಿದ್ದಾರೆ. ಅವನು ಹಾಗೇ ಹೊಳೆಯ ಕಡೆ ನಡೆದುಹೋದ, ಮತ್ತೆ ಕಾಣಲಿಲ್ಲ. ಮಹಾರಾಜರ ಅಪ್ಪಣೆಯಂತೆ ಮನೆಯನ್ನು ಇದ್ದದ್ದು ಇದ್ದಹಾಗೆ ಬಿಟ್ಟರು. ಹಾಸಿದ ಹಾಸಿಗೆ, ಇಟ್ಟ ಕುರ್ಚಿ, ತೆರೆದ ಪಿಯಾನೊ ಧೂಳು ತಿನ್ನುತ್ತಾ ವರ್ಷಗಟ್ಟಲೆ ಕೂತಿದ್ದವು. ಇದರ ಮೇಲೆ ಇಂಗ್ಲಿಷಿನಲ್ಲಿ ಒಂದು ಪದ್ಯವೂ ಹುಟ್ಟಿತು. ಗ್ಯಾರಿಸನ್ ಸ್ಮಶಾನಕ್ಕೆ ಹೋದರೆ ಕತೆ ಸ್ವಲ್ಪ ತಣ್ಣಗಾಗುತ್ತದೆ. ಕರ್ನಲ್ಲನ ಹೆಂಡತಿ ಕ್ಯಾರೊಲೈನ್ 1817ರಲ್ಲಿ ತೀರಿಕೊಂಡವಳು, ಅವಳ ಗೋರಿ ಅಲ್ಲಿದೆ. ಕರ್ನಲ್ ಹೊಳೆಗೆ ಬಿದ್ದವನಲ್ಲ, ಹಡಗು ಹತ್ತಿ ಊರಿಗೆ ಹೋದವನು. ಆದರೂ ಬಂಗಲೆ ದಾರಿಯಲ್ಲಿ ಮುಸ್ಸಂಜೆ ನಡೆಯುವವರಿಗೆ ಬೇಕಾದವನು ಹೊಳೆಗೆ ನಡೆದ ಕರ್ನಲ್ಲೇ. ಹಡಗು ಹತ್ತಿದವನು ಯಾರನ್ನು ಹೆದರಿಸಿಯಾನು?

ಗಾಸ್ಪೋರ್ಟಿನ ಕರ್ನಲ್ಲನಿಗೆ ಬಂದ ಗತಿ ಮಾತ್ರ ಯಾರಿಗೂ ಬೇಡ. ಮೊದಲು ಅವನು ಆದರ್ಶ. ಬೋಗಿಯನ್ನು ಸರಿಗಟ್ಟಿದೆ ಎಂದರೆ ಬೀಗುವ ಮಾತು. ಅಷ್ಟರಲ್ಲಿ ರಬ್ಬರಿನ ತಿರುಳಿನ ಹೊಸ ಚೆಂಡು ಬಂತು, ಅದು ದೂರ ಹಾರುತ್ತಿತ್ತು. ಆಟಗಾರರು ಪಳಗಿದರು. ಅಮೆರಿಕದವರು 1911ರಲ್ಲಿ ಷೇರುಪೇಟೆಯ ಮಾತಾದ 'ಪಾರ್' ಅನ್ನು ಅಳತೆಗೋಲಾಗಿ ನಿಗದಿ ಮಾಡಿದರು. ಆ ಗೋಲು ಬಿಗಿ. ಹಳೆಯ ಬೋಗಿ ಲೆಕ್ಕ ಹಲವು ಗುಳಿಗಳಲ್ಲಿ ಪಾರ್‌ಗಿಂತ ಒಂದು ಹೆಚ್ಚಿಗೆ ನಿಂತಿತು. ನೋಡನೋಡುತ್ತಿದ್ದಂತೆ, ಯಾರನ್ನು ಸರಿಗಟ್ಟಿದರೆ ಹೆಮ್ಮೆಯೋ ಅವನ ಹೆಸರೇ ತಪ್ಪಿನ ಹೆಸರಾಯಿತು. ಹೊಡೆತ ಒಂದು ಹೆಚ್ಚಾದರೆ ಬೋಗಿ, ಎರಡಾದರೆ ಡಬಲ್ ಬೋಗಿ. ಹಳ್ಳಿಗೆಲ್ಲ ಮಾದರಿಯಾಗಿದ್ದ ಪಟೇಲರ ಹೆಸರು ಮೂರು ತಲೆಮಾರು ಕಳೆದ ಮೇಲೆ ಬೈಗುಳವಾಗಿ ಉಳಿದರೆ ಹೇಗೋ ಹಾಗೆ.

ಸೈನ್ಯದವರು ಅವನನ್ನು ಪೂರ್ತಿ ಕೈಬಿಡಲಿಲ್ಲ. ರಾಡಾರಿನಲ್ಲಿ ಗುರುತು ಸಿಗದ ವಿಮಾನಕ್ಕೆ ಈಗಲೂ ಬೋಗಿ ಎನ್ನುತ್ತಾರೆ. ಇಂಗ್ಲೆಂಡಿನ ಮಕ್ಕಳ ಬಾಯಲ್ಲಿ ಮಾತ್ರ ಅವನು ಇನ್ನೂ ಕೆಳಗಿಳಿದು ಮೂಗಿನೊಳಗಿನ ಒಣಗಿದ ಗೊಣ್ಣೆಯಾಗಿದ್ದಾನೆ. ಕರ್ನಲ್ ಪದವಿಯಿಂದ ಗೊಣ್ಣೆಯವರೆಗೆ!

ಅವನ ಹೆಸರಿಗೆ ಕೊನೆಯ ಮೆರುಗು ಕೊಟ್ಟವನು ಬ್ರಿಟಿಷ್ ಸೈನ್ಯದ ಬ್ಯಾಂಡ್ ಮಾಸ್ಟರ್ ಎಫ್.ಜೆ. ರಿಕೆಟ್ಸ್. ಕೆನೆತ್ ಆಲ್ಫರ್ಡ್ ಎಂಬ ಹೆಸರಿನಲ್ಲಿ ರಾಗ ಕಟ್ಟುತ್ತಿದ್ದವನು. ಅವನ ಜೊತೆಗೆ ಗಾಲ್ಫ್ ಆಡುತ್ತಿದ್ದ ಒಬ್ಬ ಅಧಿಕಾರಿ, ಮುಂದಿರುವವರಿಗೆ ಚೆಂಡು ಬರುತ್ತಿದೆ ಎಂದು ಕೂಗುವ ಬದಲು ಎರಡು ಸ್ವರದಲ್ಲಿ ಶಿಳ್ಳೆ ಹೊಡೆಯುತ್ತಿದ್ದನಂತೆ, ಮೇಲಿಂದ ಕೆಳಕ್ಕೆ ಇಳಿಯುವ ಎರಡು ಸ್ವರ. ಅದನ್ನೇ ಹಿಡಿದು ರಿಕೆಟ್ಸ್ 1914ರಲ್ಲಿ ಸಿಪಾಯಿಗಳ ನಡಿಗೆಗೊಂದು ರಾಗ ಕಟ್ಟಿ 'ಕರ್ನಲ್ ಬೋಗಿ' ಎಂದು ಹೆಸರಿಟ್ಟ. ಗಾಲ್ಫ್ ಗೊತ್ತಿಲ್ಲದ ಕೋಟ್ಯಂತರ ಜನಕ್ಕೆ ಆ ಶಿಳ್ಳೆ ಗೊತ್ತು, ಏಕೆಂದರೆ 1957ರ 'ದ ಬ್ರಿಜ್ ಆನ್ ದ ರಿವರ್ ಕ್ವಾಯ್' ಸಿನಿಮಾದಲ್ಲಿ ಯುದ್ಧಕೈದಿಗಳು ಹರಿದ ಬೂಟು ತೊಟ್ಟು ಅದನ್ನೇ ಶಿಳ್ಳೆ ಹಾಕುತ್ತಾ ನಡೆದು ಬರುತ್ತಾರೆ. ಆ ಕೈದಿಗಳು ಕಟ್ಟುವುದು ಏನನ್ನು? ರೈಲು ಸೇತುವೆಯನ್ನು. ಕೊನೆಗೆ ಸೇತುವೆ ಸಿಡಿದು, ಅದರ ಮೇಲೆ ಬರುತ್ತಿದ್ದ ರೈಲು ಡಬ್ಬಿಸಮೇತ ಹೊಳೆಗೆ ಉರುಳುತ್ತದೆ. ಬದುಕಿಡೀ ಬೇರೆ ಬೇರೆ ಹಳಿಯಲ್ಲಿ ಓಡಿದ ಎರಡು ಬೋಗಿಗಳು ಮುಖಾಮುಖಿಯಾದದ್ದು ಅಲ್ಲಿ. ಒಂದು ಶಿಳ್ಳೆಯಲ್ಲಿ, ಇನ್ನೊಂದು ಹೊಳೆಯಲ್ಲಿ. ದೊಡ್ಡವ್ವ ಆ ಸಿನಿಮಾ ನೋಡಿದ್ದರೆ ತನ್ನ ಮಾತೇ ಸರಿ ಎನ್ನುತ್ತಿದ್ದಳು: ಬೋಗಿ ಬಿದ್ದೇ ಬಿತ್ತು.

ಗಾಲ್ಫಿನ ಬೋಗಿಗೆ ಕನ್ನಡದಲ್ಲಿ ಬೇರೆ ಮಾತು ಕಟ್ಟಬೇಕೆಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಗೋಲಿ ಆಟದಲ್ಲಿ, ಚಿನ್ನಿದಾಂಡಿನಲ್ಲಿ ಗುಳಿಯೂ ಇದೆ, ಹೊಡೆತವೂ ಇದೆ, ಸೋತವನನ್ನು ಆಡಿಕೊಳ್ಳುವ ಮಾತಿಗೇನೂ ಬರವಿಲ್ಲ. ಆದರೂ ಪತ್ರಿಕೆಗಳು ಬೋಗಿ ಎಂದೇ ಬರೆದವು, ಬರೆಯುತ್ತವೆ. ನನಗೇನೂ ತಕರಾರಿಲ್ಲ. ಬೆಳ್ಳೂರಿನ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತಂದರು. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಇಂಗ್ಲಿಷ್ ಪ್ರಬಂಧದ ಹರಟೆಯ ಗತ್ತನ್ನು ಕನ್ನಡದ್ದೇ ಎನ್ನುವಂತೆ ಪಳಗಿಸಿದರು. ಅಂಥವರ ತಾಲ್ಲೂಕುಗಳಲ್ಲಿ ಇನ್ನೊಂದು ಪದ ಒಳಗೆ ಬಂದರೆ ಬಾಗಿಲು ಹಾಕಿಕೊಳ್ಳುವುದೇಕೆ? ನನಗೆ ಬೇಸರವಾಗುವುದು ಒಂದಕ್ಕೆ ಮಾತ್ರ. ಆಗಾಗ 'ಹೆಚ್ಚುವರಿ ಭೋಗಿ' ಎಂದು ಮಹಾಪ್ರಾಣ ತುರುಕಿ ಅಚ್ಚಾಗಿರುತ್ತದೆ. ಶುದ್ಧ ಬರೆಯಬೇಕೆಂಬ ಹಟದಲ್ಲಿ, ನ್ಯೂಕ್ಯಾಸಲ್ಲಿನ ಗಿಡ್ಡ ಗಾಡಿಯನ್ನು ಎತ್ತಿ ಆದಿಶೇಷನ ಹೆಡೆಯ ಮೇಲೆ ಇಟ್ಟಂತೆ ಅದು. ಮಂಡ್ಯದ ನಾಲಗೆ ಈ ವಿಷಯದಲ್ಲಿ ಅಚ್ಚಿನಮನೆಗಿಂತ ವಾಸಿ.

ಹೋದ ವರ್ಷ ದೀಪಾವಳಿ ಮುಗಿಸಿಕೊಂಡು ಬೆಂಗಳೂರಿಗೆ ಹೊರಟಿದ್ದೆ. ಮೈಸೂರಿನಿಂದಲೇ ತುಂಬಿಕೊಂಡು ಬಂದ ಜನರಲ್ ಬೋಗಿ. ಹೊತ್ತು ಮುಳುಗಿತ್ತು. ಪಟ್ಟಣದ ಹತ್ತಿರ ರೈಲು ಸೇತುವೆ ಏರಿ ಗಾಲಿಯ ಸದ್ದು ಬದಲಾಯಿತು, ಕಿಟಕಿಯಾಚೆ ನೀರು ಕಪ್ಪಗೆ. ಎದುರು ಸೀಟಿನಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ಕೋಡುಬಳೆಗೆ ಹಟ ಹಿಡಿದು ಅಳುತ್ತಿದ್ದ. ಅವನ ತಾಯಿ ರಮಿಸಿದಳು, ಗದರಿದಳು. ಕೊನೆಗೆ ಆ ಕತ್ತಲಿಗೆ ಕೈ ತೋರಿಸಿ, "ನೋಡು, ಸುಮ್ಕಿರ್ನಿಲ್ಲ ಅಂದ್ರೆ ಗುಮ್ಮ ಬತ್ತನೆ" ಅಂದಳು.

ಹುಡುಗ ತಟ್ಟನೆ ಅಳು ನಿಲ್ಲಿಸಿದ. ಕಿಟಕಿಯಿಂದಾಚೆ ನೋಡಿದ, ಬಾಗಿಲ ಕಡೆ ತಿರುಗಿ ನಿಂತವರ ಕಾಲುಗಳ ಸಂದಿಯಲ್ಲಿ ನೋಡಿದ. ಆಮೇಲೆ ಅವ್ವನ ಕಿವಿಯ ಹತ್ತಿರ ಬಾಯಿಟ್ಟು, ಎಲ್ಲರಿಗೂ ಕೇಳುವಷ್ಟು ಜೋರಾಗಿ ಪಿಸುಗುಟ್ಟಿದ:

"ಯಾವ್ ಬೋಗೀಲವ್ನೆ?"